ಸೈನ್ಸೂ ಬೇಕು, ಲಾನೂ ಬೇಕು ಅನ್ನುವ ಮಗಳಿಗೆ ಏನು ಹೇಳೋದು?

ಪ್ರಶ್ನೆ: ಮಗಳು ಪಿಯುಸಿ ಸೈನ್ಸ್ ಮುಗಿಸ್ಯಾಳ್ರಿ. ಬಯಾಲಜಿ ಅಂದ್ರ ಜೀವ. ಆದ್ರ ಈಗ ಲಾ ಮಾಡ್ತೀನಿ ಅಂತ ಹಟ ಹಿಡದಾಳ. ಬಿಎಸ್ಸಿ, ಎಲ್‌ಎಲ್‌ಬಿ ಎರಡೂ ಒಮ್ಮೆಲೇ ಮಾಡಾಕ ಬರತೈತೇನ್ರಿ? ಹುಬ್ಬಳ್ಳಿ-ಧಾರವಾಡದಾಗ ಐತೇನು?
ಹಾವೇರಿ ಜಿಲ್ಲೆಯ ಒಬ್ಬ ತಂದೆ

ಪಿಯುಸಿ ರಿಸಲ್ಟ್ ಬಂದ ಮೇಲಿನ ಒಂದೆರಡು ತಿಂಗಳು ಈ ಪ್ರಶ್ನೆಗೆ ಸುಗ್ಗಿ. ಎರಡೂ ಓದೋಕೆ ಬರುತ್ತದೆ. ಆದರೆ ‘ಒಮ್ಮೆಲೇ’ ಅಂದಿರಲ್ಲ, ಅದರಲ್ಲಿ ಎರಡು ಅರ್ಥ ಇದೆ. ಒಂದಕ್ಕೆ ನಿಯಮವೇ ಅಡ್ಡ ಬರುತ್ತದೆ.

ಬೆಳಗ್ಗೆ ಧಾರವಾಡದಲ್ಲಿ ಬಿಎಸ್ಸಿ ಕ್ಲಾಸು, ಮಧ್ಯಾಹ್ನ ಬಸ್ ಹತ್ತಿ ಹುಬ್ಬಳ್ಳಿಯಲ್ಲಿ ಲಾ ಕ್ಲಾಸು. ಇದು ಆಗದ ಮಾತು. ಏಕಕಾಲಕ್ಕೆ ಎರಡು ಡಿಗ್ರಿ ಓದಬಹುದು ಅಂತ ವಿಶ್ವವಿದ್ಯಾಲಯಗಳ ಮೇಲೆ ನಿಗಾ ಇಡುವ ಯುಜಿಸಿ 2022ರಲ್ಲಿ ಹೇಳಿದ್ದು ನಿಜ. ಆ ಸುದ್ದಿಯನ್ನೇ ಹಿಡಿದುಕೊಂಡು ಬರುವವರು ಇಂದಿಗೂ ಇದ್ದಾರೆ. ಆದರೆ ಲಾ ಡಿಗ್ರಿಗೆ ಇನ್ನೊಬ್ಬ ಯಜಮಾನ ಇದ್ದಾನೆ, ಭಾರತೀಯ ವಕೀಲರ ಪರಿಷತ್ತು. ಎಲ್ಲರ ಬಾಯಲ್ಲಿ ಅದು ಬಾರ್ ಕೌನ್ಸಿಲ್. ಲಾ ಓದುವವರು ಅದೇ ಹೊತ್ತಿಗೆ ಇನ್ನೊಂದು ರೆಗ್ಯುಲರ್ ಡಿಗ್ರಿಗೆ ಹೆಸರು ಹಚ್ಚುವಂತಿಲ್ಲ ಎನ್ನುತ್ತವೆ ಅದರ 2008ರ ಕಾನೂನು ಶಿಕ್ಷಣ ನಿಯಮಗಳು. 2024ರ ಸೆಪ್ಟೆಂಬರ್‌ನಲ್ಲಿ ಅದನ್ನೇ ಮತ್ತೆ ನೆನಪಿಸಿ ಸುತ್ತೋಲೆ ಬಂತು. ಬೇರೆ ರೆಗ್ಯುಲರ್ ಕೋರ್ಸ್ ಓದುತ್ತಿಲ್ಲ ಅಂತ ವಿದ್ಯಾರ್ಥಿಗಳಿಂದ ಬರೆಸಿಕೊಳ್ಳಿ ಅಂತಲೂ ಅದರಲ್ಲಿದೆ. ಇದರ ಮೇಲೆ ಶೇ 70ರಷ್ಟು ಹಾಜರಿ ಬೇರೆ ಬೇಕು. ಸುಮ್ನೆ ಹೆಸರಿಗೆ ಸೇರಿಸಿ ಎರಡು ಕಡೆ ಓಡಾಡಿಸೋಣ ಅನ್ನುವ ಯೋಚನೆ ಇದ್ದರೆ ಬಿಟ್ಟುಬಿಡಿ. ಸನ್ನದಿಗೆ, ಅಂದರೆ ವಕೀಲಿ ಮಾಡುವ ಪರವಾನಗಿಗೆ, ಅರ್ಜಿ ಹಾಕುವಾಗ ಸಿಕ್ಕಿಬಿದ್ದರೆ ಐದು ವರ್ಷದ ಶ್ರಮ ನೀರಲ್ಲಿ ಹೋಗುತ್ತದೆ.

ಎರಡನೇ ಅರ್ಥ, ಒಂದೇ ಕೋರ್ಸಿನೊಳಗೆ ಎರಡೂ ಇರುವುದು. ಪಿಯುಸಿ ಆದ ಮೇಲೆ ಐದು ವರ್ಷ, ಹತ್ತು ಸೆಮಿಸ್ಟರ್. ಇದು ನಮ್ಮ ಕಡೆ ಹೊಸದೇನಲ್ಲ. 2009ರಲ್ಲಿ ಶುರುವಾದ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯ ಇರುವುದೇ ಹುಬ್ಬಳ್ಳಿಯ ನವನಗರದಲ್ಲಿ. ಆದರೆ ಈ ಭಾಗದ ಲಾ ಕಾಲೇಜುಗಳಲ್ಲಿ ಸಾಮಾನ್ಯವಾಗಿ ಸಿಗುವ ಜೋಡಿ ಬಿಎ, ಬಿಬಿಎ ಅಥವಾ ಬಿಕಾಂ ಜೊತೆಗಿನ ಎಲ್‌ಎಲ್‌ಬಿ. ಬಿಎಸ್ಸಿ ಎಲ್‌ಎಲ್‌ಬಿ ಬೇಕೆಂದರೆ ಊರು ಬಿಡಬೇಕಾಗುತ್ತದೆ. ಗುಜರಾತಿನ ಗಾಂಧಿನಗರದ ರಾಷ್ಟ್ರೀಯ ವಿಧಿವಿಜ್ಞಾನ (ಫೊರೆನ್ಸಿಕ್) ವಿಶ್ವವಿದ್ಯಾಲಯದಲ್ಲಿ ಅದು ಇದೆ. ಕೋಲ್ಕತ್ತದ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯದಲ್ಲೂ ಇದೆ. ವಿಧಿವಿಜ್ಞಾನ ವಿಶ್ವವಿದ್ಯಾಲಯದ ಕ್ಯಾಂಪಸ್ ಧಾರವಾಡದಲ್ಲೇ ಇದೆಯಲ್ಲ ಅಂತ ನೀವು ಕೇಳಬಹುದು. ಇದೆ, 2023ರ ಜನವರಿಯಲ್ಲಿ ಶಂಕುಸ್ಥಾಪನೆಯೂ ಆಯಿತು. ಆದರೆ ಒಂದು ವಿಶ್ವವಿದ್ಯಾಲಯದ ಎಲ್ಲ ಕೋರ್ಸೂ ಅದರ ಎಲ್ಲ ಕ್ಯಾಂಪಸ್‌ನಲ್ಲಿ ಇರುವುದಿಲ್ಲ. ಯಾವ ಕೋರ್ಸು ಯಾವ ಊರಲ್ಲಿ ಅನ್ನುವುದನ್ನು ನೋಡಿಯೇ ಫಾರ್ಮ್ ತುಂಬಿ.

ಇನ್ನೊಂದು ಮಾತು. ಈ ಎರಡೂ ಕಡೆ ವಿಜ್ಞಾನ ಅಂದರೆ ಮುಖ್ಯವಾಗಿ ಫೊರೆನ್ಸಿಕ್. ರಕ್ತದ ಕಲೆ, ಬೆರಳಚ್ಚು, ವಿಷ ಪತ್ತೆ, ಸೈಬರ್ ಈ ದಾರಿ. ನಿಮ್ಮ ಮಗಳಿಗೆ ಇಷ್ಟ ಇರುವುದು ಗಿಡ, ಬೀಜ, ತಳಿಶಾಸ್ತ್ರದ ಬಯಾಲಜಿ ಆದರೆ ಕೋರ್ಸಿನ ಹೆಸರು ನೋಡಿ ಮೋಸ ಹೋಗಬೇಡಿ. ಸಿಲೆಬಸ್ ತೆರೆದು ನೋಡಿ.

ಯಾರೂ ಮೊದಲೇ ಹೇಳದ ನಿಯಮವೂ ಒಂದಿದೆ. ಬಾರ್ ಕೌನ್ಸಿಲ್ ನಿಯಮ 13ರ ಪ್ರಕಾರ ಐದು ವರ್ಷದ ಜೋಡಿ ಕೋರ್ಸನ್ನು ನಡುವೆ ಒಡೆಯುವಂತಿಲ್ಲ. ಮೂರು ವರ್ಷ ಓದಿ, ಲಾ ಬೇಡವಾಯಿತು, ಬಿಎಸ್ಸಿ ಕೊಡಿ ಅಂದರೆ ಕೊಡುವುದಿಲ್ಲ. ಬಿಎಸ್ಸಿ ಆದವರು ನೇರ ನಾಲ್ಕನೇ ವರ್ಷಕ್ಕೆ ಸೇರುವಂತೆಯೂ ಇಲ್ಲ. ಹದಿನೆಂಟನೇ ವಯಸ್ಸಿನ ಆಸಕ್ತಿ ಇಪ್ಪತ್ತೊಂದರಲ್ಲಿ ಹಾಗೇ ಇರುತ್ತದಾ? ನನ್ನದಂತೂ ಇರಲಿಲ್ಲ.

ಆದ್ದರಿಂದ ಇಂಥ ಮಕ್ಕಳಿಗೆ ನಾನು ಹೇಳುವುದು ಹಳೇ ದಾರಿಯನ್ನೇ. ಮೊದಲು ಮೂರು ವರ್ಷ ಬಿಎಸ್ಸಿ. ಧಾರವಾಡದಲ್ಲಿ ಕರ್ನಾಟಕ ವಿಜ್ಞಾನ ಕಾಲೇಜಿನಂಥ ಜಾಗ ಇರುವಾಗ ಇದಕ್ಕೆ ದೂರ ಹೋಗಬೇಕಿಲ್ಲ. ನಾಲ್ಕು ವರ್ಷದ ಡಿಗ್ರಿಯ ಗೊಂದಲವೂ ಈಗಿಲ್ಲ, 2024-25ರಿಂದ ರಾಜ್ಯದಲ್ಲಿ ಮತ್ತೆ ಮೂರೇ ವರ್ಷ. ಆಮೇಲೆ ಮೂರು ವರ್ಷದ ಎಲ್‌ಎಲ್‌ಬಿ. ಅದಕ್ಕೆ ಡಿಗ್ರಿಯಲ್ಲಿ ಸಾಮಾನ್ಯ ವರ್ಗಕ್ಕೆ ಶೇ 45, ಹಿಂದುಳಿದ ವರ್ಗಕ್ಕೆ 42, ಪರಿಶಿಷ್ಟರಿಗೆ 40 ಅಂಕ ಇದ್ದರೆ ಸಾಕು. ಒಟ್ಟು ಆರು ವರ್ಷ. ಒಂದು ವರ್ಷ ಜಾಸ್ತಿ, ಒಪ್ಪುತ್ತೇನೆ. ಆದರೆ ಕೈಯಲ್ಲಿ ಎರಡು ಬೇರೆ ಬೇರೆ ಪದವಿ ಇರುತ್ತವೆ. ನಡುವೆ ನಿಂತು ಎಂಎಸ್ಸಿ ಕಡೆ ತಿರುಗುವ ದಾರಿಯೂ ತೆರೆದಿರುತ್ತದೆ.

ಆಸ್ಟ್ರೇಲಿಯಾದಲ್ಲಿ ಸೈನ್ಸ್ ಮತ್ತು ಲಾ ಎರಡೂ ಡಿಗ್ರಿಯನ್ನು ಐದು ವರ್ಷದಲ್ಲಿ ಒಟ್ಟಿಗೆ ಮುಗಿಸುವುದು ಮಾಮೂಲು. ಅದರ ಜಾಹೀರಾತು ನೋಡಿದ ಮಕ್ಕಳು ಇಲ್ಲಿ ಯಾಕಿಲ್ಲ ಅಂತ ಕೇಳುತ್ತಾರೆ. ಅಲ್ಲಿ ಓದಿ ಬಂದವರು ಇಲ್ಲಿ ವಕೀಲಿ ಮಾಡಲು ಮತ್ತೆ ಬಾರ್ ಕೌನ್ಸಿಲ್ ಮಾನ್ಯತೆ, ಅರ್ಹತಾ ಪರೀಕ್ಷೆ ಅಂತ ದಾಟಬೇಕು ಅನ್ನುವುದು ಜಾಹೀರಾತಿನಲ್ಲಿ ಇರುವುದಿಲ್ಲ.

ಈಗ ನಿಮ್ಮ ಮನಸ್ಸಿನಲ್ಲಿರುವ ಅಸಲಿ ಪ್ರಶ್ನೆ. ಕೋರ್ಟಿಗೆ ಹೋಗುವವಳಿಗೆ ಬಯಾಲಜಿ ಯಾಕೆ, ಅಲ್ವಾ?

ಹಾವೇರಿಯವರಿಗೆ ಬೀಜದ ಕಥೆ ಹೇಳಿದರೆ ಸಾಕು. ಬಿತ್ತಿದ ಬೀಜ ಮೊಳೆಯಲಿಲ್ಲ ಅಂತಿಟ್ಟುಕೊಳ್ಳಿ. ಬೀಜವೇ ಕೆಟ್ಟದ್ದಾ, ಮಳೆ ಕೈಕೊಟ್ಟಿತಾ, ಆಳಕ್ಕೆ ಬಿತ್ತಿದರಾ? ಕಂಪನಿ ಮಳೆಯ ಕಡೆ ಬೆರಳು ತೋರಿಸುತ್ತದೆ, ರೈತ ಪಾಕೀಟಿನ ಕಡೆ. ಹಿಂದೆಲ್ಲ ಗ್ರಾಹಕರ ವೇದಿಕೆಗೆ ಹೋದರೆ ‘ಬೀಜದ ಸ್ಯಾಂಪಲ್ ಲ್ಯಾಬಿಗೆ ಕಳಿಸಿದಿರಾ?’ ಅಂತ ಕಂಪನಿ ವಕೀಲರು ಕೇಳುತ್ತಿದ್ದರು. ಇದ್ದ ಬೀಜವನ್ನೆಲ್ಲ ಬಿತ್ತಿದ ರೈತ ಸ್ಯಾಂಪಲ್ ಎಲ್ಲಿಂದ ತರಬೇಕು? 2012ರಲ್ಲಿ ರಾಷ್ಟ್ರೀಯ ಬೀಜ ನಿಗಮದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ಮಾತನ್ನೇ ಒಪ್ಪಿತು. ರೈತ ಸ್ಯಾಂಪಲ್ ಎತ್ತಿಡುತ್ತಾನೆ ಅಂತ ನಿರೀಕ್ಷಿಸುವಂತಿಲ್ಲ, ಅವನು ಗ್ರಾಹಕರ ವೇದಿಕೆಗೆ ಬರಬಹುದು ಅಂದಿತು.

ಬೀಜ ಕಾಯ್ದೆ 1966ರಡಿ ಮೊಕದ್ದಮೆ ಹೂಡಿದ್ದರೆ ಆಟ ಬೇರೆ. ಅಲ್ಲಿ ಮೊದಲ ಲ್ಯಾಬ್ ವರದಿ ಒಪ್ಪದಿದ್ದರೆ ಕೇಂದ್ರ ಬೀಜ ಪ್ರಯೋಗಾಲಯಕ್ಕೆ ಕಳಿಸಿ ಅಂತ ಕೋರ್ಟಿಗೆ ಅರ್ಜಿ ಹಾಕಬಹುದು. ಆ ವರದಿ ಬಂದರೆ ಹಳೆಯದು ಬಿದ್ದುಹೋಗುತ್ತದೆ. ಅರ್ಜಿ ಹಾಕೋಕೆ ಬಿಎಸ್ಸಿ ಬೇಡ. ಆದರೆ ಮೊದಲ ವರದಿಯಲ್ಲಿ ಮೊಳಕೆ ಪ್ರಮಾಣ ಎಷ್ಟು ಬರೆದಿದ್ದಾರೆ, ಪರೀಕ್ಷೆಗೆ ಎಷ್ಟು ಬೀಜ ತೆಗೆದುಕೊಂಡರು, ಎಷ್ಟು ದಿನ ಕಾದರು ಅಂತ ಸಾಕ್ಷಿಗೆ ನಿಂತ ತಜ್ಞರನ್ನು ಕೇಳಬೇಕಲ್ಲ? ಆ ಪ್ರಶ್ನೆ ಹುಟ್ಟುವುದು ಲ್ಯಾಬಿನಲ್ಲಿ ಕೂತು ಬೀಜ ಎಣಿಸಿದವರಿಗೆ.

ಕ್ರಿಮಿನಲ್ ಕೇಸಿನಲ್ಲೂ ಹಾಗೇ. 2024ರ ಜುಲೈ 1ರಿಂದ ಜಾರಿಯಾದ ಹೊಸ ಕಾನೂನಿನಲ್ಲಿ ಏಳು ವರ್ಷ ಅಥವಾ ಹೆಚ್ಚು ಶಿಕ್ಷೆಯ ಅಪರಾಧಗಳಿಗೆ ಫೊರೆನ್ಸಿಕ್ ತಜ್ಞರು ಸ್ಥಳಕ್ಕೆ ಹೋಗಬೇಕು. ಇದನ್ನು ಜಾರಿಗೆ ತರಲು ರಾಜ್ಯಗಳಿಗೆ ಐದು ವರ್ಷದವರೆಗೆ ಸಮಯ ಇದೆ. ಮುಂದೆ ಲ್ಯಾಬ್ ವರದಿ ಜಾಸ್ತಿ ಆಗುತ್ತವೆ. ಅವನ್ನು ಓದಬಲ್ಲ ವಕೀಲರೂ ಅಷ್ಟೇ ಜಾಸ್ತಿ ಬೇಕಾಗುತ್ತಾರೆ.

ಪೇಟೆಂಟ್ ಏಜೆಂಟ್ ಕೆಲಸ ಬೇರೆಯೇ ದಾರಿ. ಹೊಸ ಔಷಧ, ಯಂತ್ರಕ್ಕೆ ಪೇಟೆಂಟ್ ಬೇಡುವ ಅರ್ಜಿ ಬರೆಯುವವರು ಇವರು. ಅದರ ಪರೀಕ್ಷೆಗೆ ಕೂರಲು ವಿಜ್ಞಾನ, ಎಂಜಿನಿಯರಿಂಗ್ ಅಥವಾ ತಂತ್ರಜ್ಞಾನದ ಡಿಗ್ರಿ ಬೇಕು. ಲಾ ಡಿಗ್ರಿ ಬೇಕಿಲ್ಲ! ಅಂದರೆ ಬಿಎ ಎಲ್‌ಎಲ್‌ಬಿ ಮಾತ್ರ ಮಾಡಿದವರಿಗೆ ಈ ಬಾಗಿಲು ಮುಚ್ಚಿದೆ. ಬಿಎಸ್ಸಿ ಆದ ನಿಮ್ಮ ಮಗಳು ಲಾ ಸೇರುವ ಮೊದಲೇ ಪರೀಕ್ಷೆ ಬರೆಯಬಹುದು, 21 ತುಂಬಿದ್ದರೆ ಆಯಿತು. ಮುಂದೆ ಎಲ್‌ಎಲ್‌ಬಿ ಮುಗಿಸಿ ಸನ್ನದು ಪಡೆದರೆ ಪೇಟೆಂಟ್ ಜಗಳ ಕೋರ್ಟ್ ಮೆಟ್ಟಿಲು ಹತ್ತಿದಾಗಲೂ ಅವಳೇ ವಾದಿಸಬಹುದು.

ಜಡ್ಜ್ ಆಗುವ ಆಸೆ ಇದ್ದರೆ ಲೆಕ್ಕ ಸ್ವಲ್ಪ ಉದ್ದ. ಸಿವಿಲ್ ಜಡ್ಜ್ ಪರೀಕ್ಷೆಗೆ ಮೂರು ವರ್ಷ ವಕೀಲಿ ಮಾಡಿರಲೇಬೇಕು ಅಂತ 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆರಕ್ಕೆ ಮೂರು ಸೇರಿಸಿಕೊಳ್ಳಿ. ಅವಳ ಗುರಿ ಇದೊಂದೇ ಆಗಿದ್ದರೆ ಐದು ವರ್ಷದ ಬಿಎ ಎಲ್‌ಎಲ್‌ಬಿಯೇ ಸರಿ. ಪಿಯುಸಿ ಸೈನ್ಸ್ ಆದವರೂ ಅದಕ್ಕೆ ಸೇರಬಹುದು.

ಫಾರ್ಮ್ ತುಂಬುವ ಮೊದಲು ಒಂದು ಕೆಲಸ ಮಾಡಿ. ಮಗಳನ್ನು ಕರೆದುಕೊಂಡು ಹಾವೇರಿ ಜಿಲ್ಲಾ ಕೋರ್ಟಿಗೆ ಹೋಗಿ, ಸಾಕ್ಷಿ ವಿಚಾರಣೆ ಇರುವ ಒಂದು ಹಾಲ್‌ನಲ್ಲಿ ಹಿಂದಿನ ಬೆಂಚಿನ ಮೇಲೆ ಅರ್ಧ ದಿನ ಕೂರಿ. ಸಾಮಾನ್ಯವಾಗಿ ಯಾರೂ ಬೇಡ ಅನ್ನುವುದಿಲ್ಲ. ಮೊಬೈಲ್ ಮಾತ್ರ ಆಫ್ ಮಾಡಿಕೊಳ್ಳಿ.