ಓದುಗರ ಪ್ರಶ್ನೆ: ಶೇಕ್ಸ್‌ಪಿಯರ್, ಸರ್ವಾಂಟಿಸ್ ಇಬ್ಬರೂ ತೀರಿಕೊಂಡದ್ದು ಒಂದೇ ದಿನ ಅಲ್ವಾ?

ಅಲ್ಲ. ಒಂದೇ ದಿನ ಅಲ್ಲ.

ಏಪ್ರಿಲ್ ಬಂತೆಂದರೆ ಈ ಪ್ರಶ್ನೆ ಬಂದೇ ಬರುತ್ತದೆ. ಎಷ್ಟೋ ಜನ ಕೇಳುವುದೂ ಇಲ್ಲ, ಹೇಳಿಯೇ ಬಿಡುತ್ತಾರೆ. 1616ರ ಏಪ್ರಿಲ್ 23ರಂದು ಇಂಗ್ಲೆಂಡಿನಲ್ಲಿ ಶೇಕ್ಸ್‌ಪಿಯರ್ ತೀರಿಕೊಂಡ, ಅದೇ ದಿನ ಸ್ಪೇನಿನಲ್ಲಿ 'ಡಾನ್ ಕಿಹೋಟೆ' ಕಾದಂಬರಿ ಬರೆದ ಸರ್ವಾಂಟಿಸ್ ತೀರಿಕೊಂಡ, ಎಂಥ ಕಾಕತಾಳೀಯ ನೋಡಿ ಅಂತ. 'ಇತಿಹಾಸದಲ್ಲಿ ಈ ದಿನ' ಎಂದು ಬರುವ ಪಟ್ಟಿಗಳಲ್ಲೂ ಇಬ್ಬರ ಹೆಸರು ಅಕ್ಕಪಕ್ಕದಲ್ಲೇ ಇರುತ್ತದೆ. ಹೋದ ವರ್ಷ ನಾಲ್ಕು ಸಾಲಿನ ಉತ್ತರ ಬರೆದಿದ್ದೆ. ಅದರ ಹಿಂದಿನ ವರ್ಷ ಎರಡು ಸಾಲು. ಯಾವುದೂ ಸಾಲಲಿಲ್ಲ. ಈ ಸಲ ಕೂತು ಪೂರ್ತಿ ಬಿಡಿಸಿ ಬರೆಯುತ್ತೇನೆ.

ಕನ್ನಡದಲ್ಲಿ ದಿನ, ತಾರೀಖು, ವಾರ ಅಂತ ಮೂರು ಬೇರೆ ಬೇರೆ ಮಾತುಗಳಿವೆ. ಮೂರಕ್ಕೂ ಮೂರು ಅರ್ಥ. ಈ ಪ್ರಶ್ನೆ ಬಂದಾಗ ಮಾತ್ರ ಮೂರನ್ನೂ ಒಂದೇ ಮಾಡಿಬಿಡುತ್ತೇವೆ. ದಿನ ಅಂದರೆ ಸೂರ್ಯ ಹುಟ್ಟಿ ಮುಳುಗುವುದು. ಅದು ಯಾರ ಅಪ್ಪಣೆಗೂ ಕಾಯುವುದಿಲ್ಲ. ತಾರೀಖು ಅಂದರೆ ಆ ದಿನಕ್ಕೆ ನಾವು ಅಂಟಿಸಿದ ಚೀಟಿ. 1616ರಲ್ಲಿ ಸ್ಪೇನ್ ಅಂಟಿಸುತ್ತಿದ್ದ ಚೀಟಿ ಬೇರೆ, ಇಂಗ್ಲೆಂಡ್ ಅಂಟಿಸುತ್ತಿದ್ದ ಚೀಟಿ ಬೇರೆ. ಎರಡರ ನಡುವೆ ಹತ್ತು ದಿನದ ಅಂತರ.

ಈ ಹತ್ತು ದಿನ ಎಲ್ಲಿಂದ ಬಂತು? ಜೂಲಿಯಸ್ ಸೀಸರ್ ತಂದ ಹಳೆಯ ಕ್ಯಾಲೆಂಡರಿನಲ್ಲಿ ನಾಲ್ಕು ವರ್ಷಕ್ಕೊಮ್ಮೆ ತಪ್ಪದೆ ಫೆಬ್ರುವರಿ 29 ಬರುತ್ತಿತ್ತು. ಹಾಗಾಗಿ ಸರಾಸರಿ ವರ್ಷ ಅಂದರೆ 365 ದಿನ 6 ಗಂಟೆ. ನಿಜವಾದ ವರ್ಷ ಇದಕ್ಕಿಂತ ಸುಮಾರು 11 ನಿಮಿಷ ಕಮ್ಮಿ. ಹನ್ನೊಂದೇ ನಿಮಿಷ ತಾನೇ ಅನ್ನಬೇಡಿ. ಸಾವಿರಾರು ವರ್ಷ ಕೂಡುತ್ತಾ ಹೋದರೆ ಅದೇ ದಿನಗಟ್ಟಲೆ ಆಗುತ್ತದೆ. 16ನೇ ಶತಮಾನದ ಹೊತ್ತಿಗೆ, ಹಗಲು ರಾತ್ರಿ ಸಮ ಆಗುವ ವಸಂತದ ದಿನ ಮಾರ್ಚ್ 21ರಿಂದ ಜಾರಿ ಮಾರ್ಚ್ 11ರ ಹತ್ತಿರ ಬಂದಿತ್ತು. ಈಸ್ಟರ್ ಹಬ್ಬದ ಲೆಕ್ಕ ನಿಂತಿದ್ದದ್ದೇ ಆ ದಿನದ ಮೇಲೆ. ಅದಕ್ಕೇ ಪೋಪ್ 13ನೇ ಗ್ರೆಗರಿ 1582ರಲ್ಲಿ ಹೊಸ ಕ್ಯಾಲೆಂಡರ್ ತಂದ. ಆ ವರ್ಷದ ಅಕ್ಟೋಬರ್ 4 ಗುರುವಾರ. ಮಾರನೆಯ ದಿನ ಶುಕ್ರವಾರ, ತಾರೀಖು ಅಕ್ಟೋಬರ್ 15. ನಡುವಿನ ಹತ್ತು ತಾರೀಖುಗಳನ್ನು ತೆಗೆದುಹಾಕಲಾಯಿತು.

ಆವಿಲಾದ ಸಂತ ತೆರೇಸಾ ಸ್ಪೇನಿನ ಆಲ್ಬಾ ದೆ ತೋರ್ಮೆಸ್ ಎಂಬಲ್ಲಿ ತೀರಿಕೊಂಡದ್ದು ಸರಿಯಾಗಿ ಆ ರಾತ್ರಿ. ಸಂಜೆ ಅಕ್ಟೋಬರ್ 4. ಬೆಳಗಾದರೆ ಅಕ್ಟೋಬರ್ 15. ಹಾಸಿಗೆಯ ಪಕ್ಕ ಕೂತಿದ್ದವರು ಒಂದೇ ಒಂದು ರಾತ್ರಿ ಎದ್ದಿದ್ದರು, ಚೀಟಿ ಮಾತ್ರ ಹನ್ನೊಂದು ಮುಂದೆ ಹೋಗಿತ್ತು. ಅವರ ನೆನಪಿನ ಹಬ್ಬ ಇವತ್ತಿಗೂ ಅಕ್ಟೋಬರ್ 15ಕ್ಕೇ ನಡೆಯುತ್ತದೆ. ತಾರೀಖು ಬೇರೆ, ದಿನ ಬೇರೆ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಸ್ಪೇನ್, ಪೋರ್ಚುಗಲ್, ಪೋಲೆಂಡ್, ಇಟಲಿಯ ಬಹುಪಾಲು ರಾಜ್ಯಗಳು ಕೂಡಲೇ ಹೊಸ ಲೆಕ್ಕಕ್ಕೆ ಬಂದವು. ಇಂಗ್ಲೆಂಡ್ ಪೋಪ್ ಹೇಳಿದ್ದನ್ನು ಒಪ್ಪಲಿಲ್ಲ. ಹಳೆಯದನ್ನೇ 1752ರವರೆಗೂ ಎಳೆದುಕೊಂಡು ಬಂತು.

ಈಗ 1616ಕ್ಕೆ ಬನ್ನಿ. ಮೊದಲು ಮ್ಯಾಡ್ರಿಡ್.

ಏಪ್ರಿಲ್ 19ರಂದು ಸರ್ವಾಂಟಿಸ್ ತನ್ನ ಕೊನೆಯ ಕಾದಂಬರಿಗೆ ಅರ್ಪಣೆ ಬರೆದ. ಅದರ ಹಿಂದಿನ ದಿನವೇ ಪಾದ್ರಿ ಬಂದು ಸಾಯುವವರಿಗೆ ಮಾಡುವ ಅಂತಿಮ ಸಂಸ್ಕಾರ ಮುಗಿಸಿ ಹೋಗಿದ್ದ. ಅಂಥ ಸ್ಥಿತಿಯಲ್ಲೂ ಬರೆಯುತ್ತಿದ್ದ. ತೀರಿಕೊಂಡದ್ದು ಏಪ್ರಿಲ್ 22ರಂದು. ಮಣ್ಣು ಮಾಡಿದ್ದು 23ಕ್ಕೆ. ಚರ್ಚಿನ ದಾಖಲೆ ಪುಸ್ತಕದಲ್ಲಿ ಬರೆದದ್ದು ಮಣ್ಣು ಮಾಡಿದ ತಾರೀಖು. ಆ 23 ಅನ್ನುವ ಅಂಕಿಯೇ ಮುಂದೆ ಸಾವಿನ ತಾರೀಖು ಅಂತ ಹರಡಿತು. ಅಂದರೆ ಕ್ಯಾಲೆಂಡರಿನ ತಕರಾರು ಶುರುವಾಗುವ ಮೊದಲೇ ಕಥೆಯ ಅರ್ಧ ಬಿದ್ದುಹೋಯಿತು.

ಇನ್ನು ಸ್ಟ್ರಾಟ್‌ಫರ್ಡ್. ಅದು ಶೇಕ್ಸ್‌ಪಿಯರ್‌ನ ಹುಟ್ಟೂರು. ಅಲ್ಲಿನ ಚರ್ಚಿನ ಗೋಡೆಯಲ್ಲಿರುವ ಸ್ಮಾರಕದಲ್ಲಿ ಶೇಕ್ಸ್‌ಪಿಯರ್ ಏಪ್ರಿಲ್ 23ರಂದು ಸತ್ತ ಎಂದು ಕೆತ್ತಿದ್ದಾರೆ. ಮಣ್ಣು ಮಾಡಿದ್ದು 25ಕ್ಕೆ. ಎರಡೂ ಇಂಗ್ಲೆಂಡಿನ ಹಳೆಯ ಲೆಕ್ಕದ ತಾರೀಖುಗಳು. ಸ್ಪೇನಿನ ಲೆಕ್ಕಕ್ಕೆ ತಂದರೆ ಶೇಕ್ಸ್‌ಪಿಯರ್ ಸತ್ತದ್ದು ಮೇ 3.

ಇಲ್ಲಿಗೆ ಬಂದಾಗ ಯಾರಾದರೊಬ್ಬರು ಹೇಳುತ್ತಾರೆ: 'ಅದೆಲ್ಲ ಸುಮ್ನೆ ಲೆಕ್ಕದ ಮಾತು. ಇಬ್ಬರದೂ 23 ಅಂತ ಬರೆದಿದೆ ಅಂದ ಮೇಲೆ ಒಂದೇ ದಿನ ಅಂದರೆ ಏನು ತಪ್ಪು?' ಈ ಮಾತಿಗೆ ಉತ್ತರ ಕೊಟ್ಟೇ ತೀರಬೇಕು, ಏಕೆಂದರೆ ಈ ನಂಬಿಕೆಯ ಬೇರು ಇರುವುದು ಇಲ್ಲೇ.

ವಾರ ನೋಡಿ. ಪೋಪ್ ತಾರೀಖನ್ನು ಹಾರಿಸಿದ, ವಾರವನ್ನು ಮುಟ್ಟಲಿಲ್ಲ. ಗುರುವಾರ ಆದ ಮೇಲೆ ಶುಕ್ರವಾರವೇ ಬಂತು. ಹಾಗಾಗಿ ಯೂರೋಪಿನಲ್ಲಿ ತಾರೀಖು ಎರಡಾದರೂ ವಾರ ಒಂದೇ. ಮ್ಯಾಡ್ರಿಡ್‌ನಲ್ಲಿ ಭಾನುವಾರ ಅಂದರೆ ಸ್ಟ್ರಾಟ್‌ಫರ್ಡ್‌ನಲ್ಲೂ ಭಾನುವಾರ. ಸರ್ವಾಂಟಿಸ್ ತೀರಿಕೊಂಡ ದಿನ ಶುಕ್ರವಾರ. ಶೇಕ್ಸ್‌ಪಿಯರ್ ತೀರಿಕೊಂಡ ದಿನ ಮಂಗಳವಾರ. ಶುಕ್ರವಾರ ಸತ್ತವನು, ಮಂಗಳವಾರ ಸತ್ತವನು, ಇಬ್ಬರೂ ಒಂದೇ ದಿನ ಸತ್ತರು ಅಂತ ಯಾವ ಬಾಯಲ್ಲಿ ಹೇಳುವುದು?

ಇನ್ನೂ ಹತ್ತಿರದಿಂದ ನೋಡೋಣ. ಮ್ಯಾಡ್ರಿಡ್‌ನಲ್ಲಿ ಸರ್ವಾಂಟಿಸ್ ಕೊನೆಯುಸಿರೆಳೆದ ಆ ಶುಕ್ರವಾರ ಸ್ಟ್ರಾಟ್‌ಫರ್ಡ್‌ನಲ್ಲಿ ತಾರೀಖು ಏಪ್ರಿಲ್ 12. ಶೇಕ್ಸ್‌ಪಿಯರ್ ಮಾರ್ಚ್ 25ಕ್ಕೇ ಉಯಿಲಿಗೆ ಸಹಿ ಹಾಕಿದ್ದ, ಆದರೆ ಇನ್ನೂ ಬದುಕಿದ್ದ. ಶನಿವಾರ ಅಲ್ಲಿ ಸರ್ವಾಂಟಿಸ್‌ನನ್ನು ಮಣ್ಣು ಮಾಡಿದರು, ಇವನು ಬದುಕಿದ್ದ. ಭಾನುವಾರ ಕಳೆಯಿತು. ಮುಂದಿನ ಭಾನುವಾರವೂ ಕಳೆಯಿತು. ಅದಾದ ಮೇಲಿನ ಮಂಗಳವಾರ ಇವನು ಹೋದ. ನಡುವೆ ಹನ್ನೊಂದು ದಿನ.

ಆ ಕಾಲದ ಜನಕ್ಕೆ ಇದು ಗೊತ್ತಿರಲಿಲ್ಲ ಅಂತಲೂ ಅಂದುಕೊಳ್ಳಬೇಡಿ. ಇಂಗ್ಲೆಂಡಿನಿಂದ ಯೂರೋಪಿಗೆ ಕಾಗದ ಬರೆಯುತ್ತಿದ್ದ ವ್ಯಾಪಾರಿಗಳು, ರಾಯಭಾರಿಗಳು ಎರಡೂ ತಾರೀಖು ಹಾಕುತ್ತಿದ್ದರು. ಮೇಲೊಂದು ಕೆಳಗೊಂದು, ಇಲ್ಲವೇ ನಡುವೆ ಗೆರೆ ಎಳೆದು: ಏಪ್ರಿಲ್ 23/ಮೇ 3. ಅವರಿಗೆ ದಿನನಿತ್ಯದ ವ್ಯವಹಾರದಲ್ಲೇ ಇದು ಬೇಕಿತ್ತು. ಮರೆತವರು ನಾವು.

'ಹಾಗಾದರೆ ಯುನೆಸ್ಕೊ ಏಪ್ರಿಲ್ 23ನ್ನು ವಿಶ್ವ ಪುಸ್ತಕ ದಿನ ಅಂತ ಮಾಡಿದ್ದು ತಪ್ಪಾ?' ತಪ್ಪೇನಿಲ್ಲ. 1995ರಲ್ಲಿ ಆ ತೀರ್ಮಾನ ಆಯಿತು. ಸ್ಪೇನಿನಲ್ಲಿ ಪುಸ್ತಕ ದಿನ ಅದಕ್ಕಿಂತ ಹಳೆಯದು. 1926ರಲ್ಲಿ ಶುರುವಾದಾಗ ಅದು ಅಕ್ಟೋಬರ್ 7ಕ್ಕೆ ಇತ್ತು, 1930ರಲ್ಲಿ ಏಪ್ರಿಲ್ 23ಕ್ಕೆ ಬಂತು. ನೆನಪು ಮಾಡಿಕೊಳ್ಳಲು ತಾರೀಖು ಒಂದಾದರೆ ಸಾಕು, ದಿನ ಒಂದಾಗಬೇಕಿಲ್ಲ. 'ಇಬ್ಬರ ಪುಣ್ಯತಿಥಿಯನ್ನೂ ಏಪ್ರಿಲ್ 23ಕ್ಕೆ ಆಚರಿಸುತ್ತಾರೆ' ಅನ್ನಿ, ನನ್ನ ತಕರಾರಿಲ್ಲ. 'ಇಬ್ಬರೂ ಒಂದೇ ದಿನ ಸತ್ತರು' ಅನ್ನಬೇಡಿ.

ಗೆಲಿಲಿಯೊ ಸತ್ತ ವರ್ಷವೇ ನ್ಯೂಟನ್ ಹುಟ್ಟಿದ ಅನ್ನುವುದೂ ಇದೇ ಜಾತಿಯ ಮಾತು. ಗೆಲಿಲಿಯೊ ತೀರಿಕೊಂಡದ್ದು 1642ರ ಜನವರಿ 8, ಹೊಸ ಲೆಕ್ಕದಲ್ಲಿ. ನ್ಯೂಟನ್ ಹುಟ್ಟಿದ್ದು 1642ರ ಡಿಸೆಂಬರ್ 25, ಹಳೆಯ ಲೆಕ್ಕದಲ್ಲಿ. ಹೊಸ ಲೆಕ್ಕಕ್ಕೆ ತಂದರೆ 1643ರ ಜನವರಿ 4. ವರ್ಷವೇ ಬೇರೆ ಆಯಿತು. ಪಟ್ಟಿ ಓದುವಾಗ 1752ಕ್ಕಿಂತ ಹಿಂದಿನ ಇಂಗ್ಲೆಂಡ್, 1918ಕ್ಕಿಂತ ಹಿಂದಿನ ರಷ್ಯಾ ಬಂದರೆ ಒಂದು ನಿಮಿಷ ನಿಲ್ಲಿ. ರಷ್ಯಾದ ಅಕ್ಟೋಬರ್ ಕ್ರಾಂತಿಯ ನೆನಪಿನ ದಿನ ನವೆಂಬರ್ 7 ಆದದ್ದು ಇದೇ ಕಾರಣಕ್ಕೆ.

ನಿಜವಾಗಿ ಒಂದೇ ದಿನ ಆದದ್ದು ಬೇಕು ಅನ್ನುವವರಿಗೆ ಅದೇ ಏಪ್ರಿಲ್ 23ರಲ್ಲೇ ಒಂದಿದೆ, ಅದನ್ನು ಮಾತ್ರ ಯಾರೂ ಹೇಳುವುದಿಲ್ಲ. 1858ರ ಏಪ್ರಿಲ್ 23, ಶುಕ್ರವಾರ. ಜರ್ಮನ್ ಮಾತನಾಡುವ ಕೀಲ್ ಪಟ್ಟಣದಲ್ಲಿ ಮ್ಯಾಕ್ಸ್ ಪ್ಲಾಂಕ್ ಹುಟ್ಟಿದ. ಕ್ವಾಂಟಮ್ ಸಿದ್ಧಾಂತಕ್ಕೆ ಬುನಾದಿ ಹಾಕಿದ ಪ್ಲಾಂಕ್. ಅದೇ ಶುಕ್ರವಾರ ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ ಪಂಡಿತಾ ರಮಾಬಾಯಿ ಹುಟ್ಟಿದರು. ಹೆಣ್ಣುಮಕ್ಕಳಿಗೆ ಸಂಸ್ಕೃತ ಕಲಿಸಬಾರದು ಅನ್ನುತ್ತಿದ್ದ ಕಾಲದಲ್ಲಿ ಅಪ್ಪ ಅಮ್ಮನಿಂದಲೇ ಸಂಸ್ಕೃತ ಕಲಿತು, ಇಪ್ಪತ್ತರ ಹರೆಯದಲ್ಲಿ ಕಲ್ಕತ್ತೆಯ ಪಂಡಿತರನ್ನು ಬೆರಗುಗೊಳಿಸಿದ ರಮಾಬಾಯಿ. ಇಲ್ಲಿ ತಾರೀಖೂ ಒಂದೇ, ವಾರವೂ ಒಂದೇ, ದಿನವೂ ಒಂದೇ. ಮುಂದಿನ ಏಪ್ರಿಲ್‌ನಲ್ಲಿ ಈ ಜೋಡಿಯ ಬಗ್ಗೆ ಯಾರಾದರೂ ಕೇಳಿದರೆ ನನಗೆ ತುಂಬ ಸಂತೋಷ ಆಗುತ್ತದೆ.

ಯಾರೂ ಕೇಳದ ಇನ್ನೊಂದು ವಿಷಯವನ್ನೂ ಹೇಳಿಬಿಡುತ್ತೇನೆ. ಈಗ ಎಲ್ಲ ದೇಶಕ್ಕೂ ಕ್ಯಾಲೆಂಡರ್ ಹೆಚ್ಚುಕಮ್ಮಿ ಒಂದೇ ಆಗಿದೆಯಲ್ಲ, ಇನ್ನು ಈ ಗೊಂದಲ ಇಲ್ಲ ಅಂದುಕೊಳ್ಳಬೇಡಿ. ಭೂಮಿ ಗುಂಡಗಿದೆ, ಒಂದೇ ಗಳಿಗೆಯಲ್ಲಿ ಒಂದು ಕಡೆ ನಿನ್ನೆ, ಇನ್ನೊಂದು ಕಡೆ ಇವತ್ತು. ಜಪಾನ್ ಪರ್ಲ್ ಹಾರ್ಬರ್ ಮೇಲೆ ಬಾಂಬು ಹಾಕಿದ್ದು 1941ರ ಡಿಸೆಂಬರ್ 7ರ ಬೆಳಿಗ್ಗೆ. ಮಲಯಾದ ಕೋಟಾ ಬಾರು ಕಡಲತೀರದಲ್ಲಿ ಜಪಾನಿ ಸೈನ್ಯ ಇಳಿದದ್ದು ಡಿಸೆಂಬರ್ 8ರ ನಡುರಾತ್ರಿ ಕಳೆದ ಮೇಲೆ. ಪಟ್ಟಿಯಲ್ಲಿ ಓದಿದರೆ ಮೊದಲು ಪರ್ಲ್ ಹಾರ್ಬರ್, ಮಾರನೆಯ ದಿನ ಮಲಯಾ ಅನ್ನಿಸುತ್ತದೆ. ನಡೆದದ್ದು ಉಲ್ಟಾ. ಕೋಟಾ ಬಾರುವಿನಲ್ಲಿ ಗುಂಡಿನ ಸದ್ದು ಕೇಳಿ ಒಂದು ಗಂಟೆಗೂ ಜಾಸ್ತಿ ಹೊತ್ತು ಕಳೆದ ಮೇಲೆ ಹವಾಯಿಯ ಆಕಾಶದಲ್ಲಿ ವಿಮಾನಗಳು ಕಾಣಿಸಿಕೊಂಡವು. ಟೋಕಿಯೊದಲ್ಲಿ ಕೂತವರಿಗೆ ಎರಡೂ ಡಿಸೆಂಬರ್ 8.

ವಾರವನ್ನು ನಂಬಿ ಅಂದೆನಲ್ಲ, ಅದಕ್ಕೂ ಒಂದು ಅಪವಾದ ಇದೆ. ಪೆಸಿಫಿಕ್ ಸಾಗರದ ಸಮೋವಾ ದೇಶ 2011ರಲ್ಲಿ ದಿನಾಂಕ ರೇಖೆಯ, ಅಂದರೆ ದಾಟಿದರೆ ತಾರೀಖು ಒಂದು ದಿನ ಬದಲಾಗುವ ಕಾಲ್ಪನಿಕ ಗೆರೆಯ, ಆ ಕಡೆಯಿಂದ ಈ ಕಡೆಗೆ ಬಂತು. ವ್ಯಾಪಾರ ಜಾಸ್ತಿ ಇದ್ದದ್ದು ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಜೊತೆ. ಅವರದು ಸೋಮವಾರ ಆದಾಗ ಇವರದು ಇನ್ನೂ ಭಾನುವಾರ. ಇದು ಸಾಕಾಗಿತ್ತು. ಡಿಸೆಂಬರ್ 29, ಗುರುವಾರ ರಾತ್ರಿ ಮಲಗಿದವರು ಎದ್ದದ್ದು ಡಿಸೆಂಬರ್ 31, ಶನಿವಾರ. ಇಲ್ಲಿ ತಾರೀಖಿನ ಜೊತೆಗೆ ಒಂದು ಶುಕ್ರವಾರವೂ ಹೋಯಿತು. 2011ರ ಡಿಸೆಂಬರ್ 30ರಂದು ಸಮೋವಾದಲ್ಲಿ ಒಂದು ಮಗುವೂ ಹುಟ್ಟಲಿಲ್ಲ, ಒಬ್ಬರೂ ಸಾಯಲಿಲ್ಲ.