ಹಳದಿ ಮುಖ ಬೆಳಗುವುದು ಯಾವಾಗ?

ಗೆಳೆಯರ ಜೊತೆ ಕಂಪ್ಯೂಟರಿನಲ್ಲಿ ಹರಟಲು ಬಳಸುತ್ತಿದ್ದ ಯಾಹೂ ಮೆಸೆಂಜರ್ ಮುಚ್ಚಿದ್ದು 2018ರ ಜುಲೈ 17ರಂದು. ಅದು 1998ರಲ್ಲಿ ಯಾಹೂ ಪೇಜರ್ ಎಂಬ ಹೆಸರಿನಲ್ಲಿ ಶುರುವಾಗಿತ್ತು. ಅದೇ ವರ್ಷ ನಮ್ಮ ಬೆಳಗಾವಿಯಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಹುಟ್ಟಿತು. ಆಗಿನ ಕಾಲೇಜು ಹುಡುಗರು ಸೈಬರ್ ಕೆಫೆಯಲ್ಲಿ ಕೂತು ಮೊದಲು ನೋಡುತ್ತಿದ್ದದ್ದು ಗೆಳೆಯರ ಪಟ್ಟಿಯನ್ನು. ಯಾರ ಹೆಸರಿನ ಪಕ್ಕ ಹಳದಿ ಮುಖ ಬೆಳಗಿದೆ, ಅಂದರೆ ಯಾರು ಆನ್‌ಲೈನ್ ಇದ್ದಾರೆ? ‘ಅದೀಯೇನಲೇ?’ ಅಂತ ಟೈಪ್ ಮಾಡುವುದು, ಉತ್ತರ ಬರದಿದ್ದರೆ ಬಝ್ ಒತ್ತಿ ಅವನ ಕಿಟಕಿ ಗಡಗಡ ನಡುಗಿಸುವುದು.

ಆ ಗೆಳೆಯರು ಈಗ ಪುಣೆ, ಬೆಂಗಳೂರು ಅಂತ ಚದುರಿದ್ದಾರೆ. ಅವರಿಗಾಗಿ ಅಂಥದೇ ಒಂದು ಮೆಸೆಂಜರನ್ನು ಬ್ರೌಸರಿನಲ್ಲೇ ನಡೆಯುವಂತೆ ನಾನು ಮತ್ತು ನನ್ನ ಅಕ್ಕನ ಮಗ ಸೇರಿ ಕಟ್ಟುತ್ತಿದ್ದೇವೆ. ನೇರಳೆ ಬಣ್ಣ, ನಗುಮುಖಗಳು, ನಡುಗುವ ಕಿಟಕಿ ಇವೆಲ್ಲ ಸಲೀಸು. ಕಷ್ಟ ಇರುವುದು ಆ ಹಳದಿ ಮುಖದಲ್ಲಿ. ಹಳೆಯ ಮೆಸೆಂಜರಿನ ಜೀವ ಇದ್ದದ್ದೂ ಅಲ್ಲೇ.

ವೆಬ್‌ಪುಟಕ್ಕೂ ಅದನ್ನು ಒದಗಿಸುವ ದೂರದ ಕಂಪ್ಯೂಟರ್ ಆದ ಸರ್ವರಿಗೂ ಇರುವ ಹಳೆಯ ಕರಾರು ಹೀಗಿದೆ: ಪುಟ ಕೇಳಬೇಕು, ಸರ್ವರ್ ಉತ್ತರ ಕೊಡಬೇಕು. ಕೇಳದೆ ಸರ್ವರ್ ಬಾಯಿ ಬಿಡುವ ಹಾಗಿಲ್ಲ. ಮೆಸೆಂಜರ್ ಹಾಗಲ್ಲ. ಅದು ಕಂಪ್ಯೂಟರಿನಲ್ಲಿ ಇನ್‌ಸ್ಟಾಲ್ ಆದ ಪ್ರೋಗ್ರಾಂ. ಸರ್ವರಿಗೆ ಒಂದು ದಾರಿ ತೆರೆದು ಅದನ್ನು ತೆರೆದೇ ಇಡುತ್ತಿತ್ತು. ವೆಬ್‌ಪುಟಕ್ಕೂ ಆ ಸೌಲಭ್ಯ ಬಂದದ್ದು ವೆಬ್‌ಸಾಕೆಟ್‌ನಿಂದ. ಅದರ ಮಾನದಂಡ 2011ರ ಡಿಸೆಂಬರಿನಲ್ಲಿ ಪ್ರಕಟವಾಯಿತು. ಒಮ್ಮೆ ದಾರಿ ತೆರೆದರೆ ಎರಡೂ ಕಡೆಯವರು ಬೇಕಾದಾಗ ಮಾತಾಡಬಹುದು. ಖರ್ಚೂ ಕಡಿಮೆ. ‘ನಮಸ್ಕಾರ’ ಯುನಿಕೋಡಿನಲ್ಲಿ 7 ಸಂಕೇತ, ಒಂದೊಂದಕ್ಕೆ 3 ಬೈಟಿನಂತೆ 21 ಬೈಟು. ಬ್ರೌಸರಿನಿಂದ ಹೊರಡುವಾಗ ವೆಬ್‌ಸಾಕೆಟ್ ಅದಕ್ಕೆ ಸೇರಿಸುವುದು ಬರೀ 6 ಬೈಟು. ಅಷ್ಟು ಚಿಕ್ಕ ಮಾತಿಗೆ ಹಳೆಯ ಪದ್ಧತಿಯಲ್ಲಿ ನೂರಾರು ಬೈಟುಗಳ ತಲೆಬರಹ (ಹೆಡರ್, ಅಂದರೆ ಸಂದೇಶದ ಮುಂದೆ ಸೇರಿಸುವ ವಿವರ) ಹೊರಬೇಕಿತ್ತು.

ಗೆಳೆಯ ಬಂದ ಅನ್ನುವುದು ಹೀಗೆ ಸುಲಭವಾಗಿ ಗೊತ್ತಾಗುತ್ತದೆ. ಅವನು ಹೋದ ಅನ್ನುವುದು ಹೇಗೆ ಗೊತ್ತಾಗಬೇಕು? ಲಾಗೌಟ್ ಮಾಡಿದರೆ ಸರಿ, ಹೊರಟೆ ಅಂತ ಕಂಪ್ಯೂಟರ್ ಹೇಳಿ ಹೋಗುತ್ತದೆ. ಕರೆಂಟ್ ಹೋದರೆ ಹೇಳುವವರೇ ಇಲ್ಲ. ಅವನ ವೈಫೈ ಸತ್ತಿರುತ್ತದೆ, ಸರ್ವರ್ ಮಾತ್ರ ದಾರಿ ತೆರೆದಿದೆ ಅಂತಲೇ ನಂಬಿ ಕೂತಿರುತ್ತದೆ. ಪಟ್ಟಿಯಲ್ಲಿ ಹಳದಿ ಮುಖ ನಗುತ್ತಲೇ ಇರುತ್ತದೆ. ಇಂಥ ಸುಮ್ಮನಿರುವ ಸಂಪರ್ಕವನ್ನು ಪರೀಕ್ಷಿಸುವ ವ್ಯವಸ್ಥೆ ಸರ್ವರ್ ನಡೆಸುವ ಲಿನಕ್ಸ್ ತಂತ್ರಾಂಶದಲ್ಲೇ ಇದೆ, ಆದರೆ ನಾವಾಗಿ ಬದಲಿಸದಿದ್ದರೆ ಅದು ಮೊದಲ ಸಲ ತಟ್ಟಿ ನೋಡುವುದು 7,200 ಸೆಕೆಂಡಿನ ಮೇಲೆ. ಪೂರ್ತಿ ಎರಡು ಗಂಟೆ! ಹರಟೆಗೆ ಅದು ಪ್ರಯೋಜನವಿಲ್ಲ.

ಆದ್ದರಿಂದ ಸರ್ವರ್ ಆಗಾಗ ‘ಪಿಂಗ್’ ಕಳಿಸುತ್ತದೆ, ಬ್ರೌಸರ್ ‘ಪಾಂಗ್’ ಅನ್ನುತ್ತದೆ. ಅಜ್ಜಿ ಕತೆ ಹೇಳುವಾಗ ಮಗು ನಡುನಡುವೆ ‘ಹ್ಞೂಂ’ ಅನ್ನುತ್ತದಲ್ಲ, ಅದೇ ಕೆಲಸ. ‘ಹ್ಞೂಂ’ ನಿಂತರೆ ಮಗು ಮಲಗಿದೆ. ನಾವು 25 ಸೆಕೆಂಡಿಗೊಮ್ಮೆ ಕೇಳುತ್ತೇವೆ. ಎರಡು ಸಲ ಉತ್ತರ ಬರದಿದ್ದರೆ ಮುಖ ಬೂದು ಬಣ್ಣಕ್ಕೆ ತಿರುಗುತ್ತದೆ. ಇನ್ನೂ ಬೇಗ ಕೇಳಬಹುದಿತ್ತು. ಆದರೆ ಫೋನ್ ವೈಫೈ ಬಿಟ್ಟು ಮೊಬೈಲ್ ಡೇಟಾಕ್ಕೆ ಹೊರಳುವಾಗ ಒಂದಿಷ್ಟು ಹೊತ್ತು ಸಂಪರ್ಕ ಕಡಿಯುತ್ತದೆ. ಅಷ್ಟಕ್ಕೇ ಹೋದ, ಬಂದ, ಹೋದ ಅಂತ ಎಲ್ಲರ ಪರದೆಯಲ್ಲೂ ಮುಖ ಮಿಣುಕುವುದು ಬೇಡ ಅನಿಸಿತು. ಒಬ್ಬರ ಮುಖ ಮಿಣುಕಿದರೆ ಅದು ಗೆಳೆಯರೆಲ್ಲರಿಗೂ ಹೋಗುವ ಸುದ್ದಿ. 50 ಜನ ಪರಸ್ಪರ ಗೆಳೆಯರಾಗಿದ್ದು ಎಲ್ಲರೂ ಒಂದೊಂದು ಸಲ ಸ್ಥಿತಿ ಬದಲಿಸಿದರೆ 2,450 ಸುದ್ದಿಗಳು!

ಇಷ್ಟಾದರೂ ಒಂದು ತೊಡಕು ಉಳಿಯುತ್ತದೆ. ‘ಪಾಂಗ್’ ಹೇಳುವುದು ಬ್ರೌಸರ್, ಗೆಳೆಯನಲ್ಲ. ಟ್ಯಾಬ್ ಯಾವುದೋ ಮೂಲೆಯಲ್ಲಿ ತೆರೆದಿದ್ದು ಅವನು ಊಟಕ್ಕೆ ಹೋಗಿದ್ದರೂ ಅದು ತಾನಾಗಿಯೇ ಉತ್ತರಿಸುತ್ತದೆ. ಹಳೆಯ ಮೆಸೆಂಜರಿಗೆ ಇದು ತಿಳಿಯುತ್ತಿತ್ತು. ಇಡೀ ಕಂಪ್ಯೂಟರಿನ ಕೀಬೋರ್ಡು, ಮೌಸು ಎಷ್ಟು ಹೊತ್ತಿನಿಂದ ಸುಮ್ಮನಿವೆ ಅಂತ ನೋಡಿ ಅದು ‘ಐಡಲ್’ ಅಂತ ತೋರಿಸುತ್ತಿತ್ತು. ವೆಬ್‌ಪುಟಕ್ಕೆ ತನ್ನ ಪುಟದೊಳಗಿನ ಚಲನೆಯಷ್ಟೇ ಕಾಣುತ್ತದೆ. ಹೊರಗಿನದನ್ನು ನೋಡಬೇಕೆಂದರೆ ಕೆಲವೇ ಬ್ರೌಸರುಗಳಲ್ಲಿ, ಬಳಸುವವರ ಒಪ್ಪಿಗೆ ಪಡೆದು ನೋಡಬೇಕು. ಈ ನಿರ್ಬಂಧ ಒಳ್ಳೆಯದೇ. ಯಾವುದೋ ಜಾಲತಾಣ ನನ್ನ ಕೀಬೋರ್ಡು ಕಾಯುತ್ತಾ ಕೂರುವುದು ನನಗೂ ಬೇಡ.

ಪುಟ ಪರದೆಯ ಮೇಲೆ ಕಾಣುತ್ತಿದೆಯೋ ಇಲ್ಲವೋ ಎಂಬುದನ್ನು ಮಾತ್ರ ಬ್ರೌಸರ್ ಹೇಳುತ್ತದೆ. ಅದನ್ನೇ ಹಿಡಿದುಕೊಂಡೆವು. ಪುಟ ಕಣ್ಣೆದುರು ಇದ್ದರೆ ಹಳದಿ, ಬೇರೆ ಟ್ಯಾಬಿಗೆ ಹೋದರೆ ಮಂಕು. ಇದರಿಂದ ಮುಖ ಬೆಳಗಿರುವ ಹೊತ್ತು ಕಡಿಮೆಯಾಗುತ್ತದೆ, ನಿಜ. ಆದರೆ ಈಗಿನ ಆ್ಯಪ್‌ಗಳಲ್ಲಿ ಎಲ್ಲರೂ ಸದಾ ಇರುವಂತೆಯೇ ಕಾಣುತ್ತಾರೆ, ಕರೆದರೆ ಗಂಟೆಗಟ್ಟಲೆ ಉತ್ತರವಿಲ್ಲ, ಅಲ್ವಾ? ಮುಖ ಬೆಳಗಿದೆ ಅಂದರೆ ಮನುಷ್ಯ ಅಲ್ಲಿ ಇರಬೇಕು. ಅದೊಂದು ಇಲ್ಲದಿದ್ದರೆ ಹಳೆಯ ಮೆಸೆಂಜರನ್ನು ಮತ್ತೆ ಕಟ್ಟುವುದೇ ಬೇಡ ಎಂಬುದು ನನ್ನ ಹಟ.

ಒಳಗಿದ್ದೂ ಗೆಳೆಯರ ಪಟ್ಟಿಯಲ್ಲಿ ಕಾಣದಂತೆ ಅಡಗುವ ‘ಇನ್ವಿಸಿಬಲ್’ ಸೌಲಭ್ಯವನ್ನೂ ಸೇರಿಸಿದ್ದೇವೆ. ಅಡಗಿದವರ ಸುದ್ದಿಯನ್ನು ಸರ್ವರಿನಲ್ಲೇ ತಡೆಯಬೇಕು. ಗೆಳೆಯನ ಪುಟದವರೆಗೆ ಕಳಿಸಿ ಅಲ್ಲಿ ಮುಚ್ಚಿಟ್ಟರೆ, ಪುಟದ ಒಳಗುಟ್ಟು ತೋರಿಸುವ ಬ್ರೌಸರಿನ ಡೆವಲಪರ್ ಟೂಲ್ಸ್ ತೆರೆದವರಿಗೆಲ್ಲ ಅದು ಕಾಣುತ್ತದೆ. ‘ಟೈಪ್ ಮಾಡುತ್ತಿದ್ದಾರೆ’ ಎಂಬ ಸೂಚನೆಗೂ ಇದೇ ನಿಯಮ. ಬಝ್ ಒತ್ತಿದರೆ ಅಡಗಿದವರ ಕಿಟಕಿ ನಡುಗಬೇಕೋ ಬೇಡವೋ ಎಂಬುದರ ಬಗ್ಗೆ ಮಾತ್ರ ಮಾವ, ಅಳಿಯನ ನಡುವೆ ಇನ್ನೂ ವಾದ ನಡೆದಿದೆ. ನಡುಗಬೇಕು ಅಂತ ನಾನು.