ಹೊಟ್ಟೆಗೆ ಪ್ಯಾಡ್ ಅಂಟಿಸಿ ಸುಮ್ನೆ ಕೂತರೆ ಮೈ ಗಟ್ಟಿಯಾಗುತ್ತಾ?

ಪ್ರಶ್ನೆ: ಹೊಟ್ಟೆಗೆ, ತೊಡೆಗೆ ಅಂಟಿಸಿಕೊಳ್ಳುವ ಇಎಂಎಸ್ (ಕರೆಂಟ್ ಹಾಯಿಸಿ ಸ್ನಾಯು ಬಿಗಿ ಮಾಡಿಸುವ) ಪ್ಯಾಡ್‌ಗಳ ಜಾಹೀರಾತು ಫೋನ್ ತೆಗೆದಾಗಲೆಲ್ಲ ಕಣ್ಣಿಗೆ ಬೀಳುತ್ತದೆ. ದಿನಕ್ಕೆ ಇಪ್ಪತ್ತು ನಿಮಿಷ ಸಾಕು, ಸೋಫಾದಲ್ಲಿ ಕೂತಲ್ಲೇ ಹೊಟ್ಟೆ ಕರಗುತ್ತದೆ ಅಂತಾರೆ. ನನಗೆ ವ್ಯಾಯಾಮಕ್ಕೆ ಟೈಮ್ ಸಿಗುವುದೇ ಕಷ್ಟ. ಇದು ನಿಜಕ್ಕೂ ಕೆಲಸ ಮಾಡುತ್ತಾ, ಇಲ್ಲ ದುಡ್ಡು ದಂಡವಾ? ನಾವೇ ಮನೆಯಲ್ಲಿ ಮೈಗೆ ಕರೆಂಟ್ ಹಾಯಿಸಿಕೊಂಡರೆ ಅಪಾಯ ಇಲ್ವಾ?

ಉತ್ತರ: ಮೊದಲು ಚಿಕ್ಕದಾಗಿ ಹೇಳಿಬಿಡುತ್ತೇನೆ. ಪ್ಯಾಡಿನ ಕೆಳಗಿರುವ ಸ್ನಾಯು ಒಂದಿಷ್ಟು ಗಟ್ಟಿಯಾಗಬಹುದು. ಅದರ ಮೇಲೆ ಕೂತಿರುವ ಕೊಬ್ಬು ಕರಗುವುದಿಲ್ಲ. ಜಾಹೀರಾತಿನವರು ಇವೆರಡನ್ನೂ ಬೇಕಂತಲೇ ಕಲಸಿ ಹೇಳುತ್ತಾರೆ, ಗೊಂದಲ ಶುರುವಾಗುವುದೇ ಅಲ್ಲಿ. ಅಪಾಯದ ವಿಷಯಕ್ಕೆ ಆಮೇಲೆ ಬರುತ್ತೇನೆ. ಕೆಲವರು ಇದನ್ನು ಮುಟ್ಟಲೇಬಾರದು.

ಕೈ ಎತ್ತಬೇಕು ಅಂದುಕೊಂಡರೆ ಮಿದುಳಿನಿಂದ ಆಜ್ಞೆ ಹೊರಡುತ್ತದೆ, ಬೆನ್ನುಹುರಿ ಇಳಿಯುತ್ತದೆ, ನರ ಹಿಡಿದು ಸ್ನಾಯುವಿಗೆ ಮುಟ್ಟುತ್ತದೆ. ಸ್ನಾಯು ಬಿಗಿಯಾಗುತ್ತದೆ. ಇಎಂಎಸ್ ಯಂತ್ರಕ್ಕೆ ಮಿದುಳಿನ ಹಂಗಿಲ್ಲ. ಅದು ಚರ್ಮದ ಮೇಲಿಂದ ಸಣ್ಣ ಸಣ್ಣ ವಿದ್ಯುತ್ ಮಿಡಿತ ಕಳಿಸಿ ನರವನ್ನು ನೇರವಾಗಿ ಕೆಣಕುತ್ತದೆ. ಇದೇನೂ ಹೊಸ ತಂತ್ರಜ್ಞಾನ ಅಲ್ಲ. 1780ರ ದಶಕದಲ್ಲಿ ಇಟಲಿಯ ಬೊಲೊನ್ಯಾದಲ್ಲಿ ಲುಯಿಜಿ ಗಾಲ್ವಾನಿ ಸತ್ತ ಕಪ್ಪೆಯ ಕಾಲು ವಿದ್ಯುತ್ತಿಗೆ ಒದೆಯುವುದನ್ನು ನೋಡಿದ, 1791ರಲ್ಲಿ ಅದನ್ನು ಬರೆದು ಪ್ರಕಟಿಸಿದ. ನಿಮ್ಮ ಫೋನಿನ ಜಾಹೀರಾತಿನಲ್ಲಿ ಕುಣಿಯುತ್ತಿರುವ ಹೊಟ್ಟೆ ಆ ಕಪ್ಪೆಕಾಲಿನ ದೂರದ ನೆಂಟ.

ಸೆಕೆಂಡಿಗೆ ಒಂದೆರಡು ಮಿಡಿತ ಕೊಟ್ಟರೆ ಸ್ನಾಯು ಟಪ್ ಟಪ್ ಅಂತ ಅದುರುತ್ತದೆ, ಅಷ್ಟೇ. ಮೂವತ್ತು, ಐವತ್ತಕ್ಕೆ ಏರಿಸಿದರೆ ಆ ಅದುರಾಟಗಳೆಲ್ಲ ಒಂದರೊಳಗೊಂದು ಸೇರಿ ಗಟ್ಟಿ ಬಿಗಿತ ಆಗುತ್ತದೆ. ಕೆಲವು ಸೆಕೆಂಡ್ ಬಿಗಿ, ಆಮೇಲೆ ಸಡಿಲ, ಮತ್ತೆ ಬಿಗಿ. ಸ್ನಾಯುವಿನ ಮಟ್ಟಿಗೆ ಇದು ನಿಜವಾದ ಕೆಲಸವೇ. ಜೋರಾಗಿ ಮಾಡಿದರೆ ಮಾರನೇ ದಿನ ಮೈಕೈ ನೋವೂ ಬರುತ್ತದೆ.

ಆದರೆ ಮಿದುಳು ಮಾಡಿಸುವ ಕೆಲಸಕ್ಕೂ ಯಂತ್ರ ಮಾಡಿಸುವ ಕೆಲಸಕ್ಕೂ ತುಂಬಾ ವ್ಯತ್ಯಾಸ ಇದೆ. ಭಾರದ ಚೀಲ ಎತ್ತುವಾಗ ಮಿದುಳು ಸ್ನಾಯುವಿನ ಎಲ್ಲ ಎಳೆಗಳನ್ನೂ ಒಟ್ಟಿಗೆ ಕರೆಯುವುದಿಲ್ಲ. ಮೊದಲು ಸಣ್ಣ ಎಳೆಗಳು, ಸಾಲದಿದ್ದರೆ ದೊಡ್ಡವು. ಕೆಲವು ಕೆಲಸ ಮಾಡುವಾಗ ಕೆಲವು ಸುಧಾರಿಸಿಕೊಳ್ಳುತ್ತವೆ, ಪಾಳಿ ಬದಲಾದ ಹಾಗೆ. ಯಂತ್ರಕ್ಕೆ ಈ ಜಾಣತನ ಇಲ್ಲ. ಪ್ಯಾಡಿಗೆ ಹತ್ತಿರ ಇರುವ ಅದೇ ಎಳೆಗಳನ್ನು ಪ್ರತಿ ಸಲವೂ ಒಂದೇ ಏಟಿಗೆ ಎಬ್ಬಿಸುತ್ತದೆ. ಅದಕ್ಕೇ ಅವು ಬೇಗ ಸುಸ್ತಾಗುತ್ತವೆ, ಆಳದಲ್ಲಿರುವವು ಮಲಗಿಯೇ ಇರುತ್ತವೆ. ಇನ್ನು ಬಸ್ಕಿ ಹೊಡೆಯುವಾಗ ತೊಡೆಯ ಜೊತೆಗೆ ಸೊಂಟ, ಬೆನ್ನು, ಪಾದ ಎಲ್ಲ ಸೇರಿ ಸಮತೋಲ ಹಿಡಿಯುತ್ತವಲ್ಲ, ಉಸಿರು ಏರುತ್ತದಲ್ಲ, ಅದು ಯಾವುದೂ ಸೋಫಾದ ಮೇಲೆ ಆಗುವುದಿಲ್ಲ.

ಈ ಯಂತ್ರಕ್ಕೆ ನಿಜವಾದ ಬೆಲೆ ಇರುವುದು ಆಸ್ಪತ್ರೆಯಲ್ಲಿ. ಮಂಡಿಯ ಆಪರೇಷನ್ ಆದವರಿಗೆ ಎಷ್ಟು ಪ್ರಯತ್ನಪಟ್ಟರೂ ತೊಡೆಯ ಮುಂಭಾಗದ ಸ್ನಾಯು ಸರಿಯಾಗಿ ಬಿಗಿಯಾಗುವುದಿಲ್ಲ, ನೋಡ ನೋಡುತ್ತಾ ಸೊರಗುತ್ತದೆ. ಅಂಥ ಕಡೆ ಫಿಸಿಯೋಥೆರಪಿಸ್ಟ್ ಇದನ್ನು ಹಚ್ಚುತ್ತಾರೆ. ಪಾರ್ಶ್ವವಾಯು ಹೊಡೆದು ಪಾದ ಎತ್ತಲಾಗದವರಿಗೂ ಇದೇ ತತ್ವದ ಸಾಧನಗಳಿವೆ. ಸ್ವಂತವಾಗಿ ಬಿಗಿಮಾಡಲು ಬಾರದ ಸ್ನಾಯುವಿಗೆ ಇದು ಊರುಗೋಲು. ಚೆನ್ನಾಗಿ ನಡೆಯಬಲ್ಲವರಿಗೆ ಊರುಗೋಲಿನಿಂದ ಎಷ್ಟು ಉಪಕಾರ ಆದೀತು, ನೀವೇ ಹೇಳಿ.

ಕ್ರೀಡಾಪಟುಗಳಿಗೂ ಇದನ್ನು ಹಚ್ಚಿ ನೋಡಿದ್ದಾರೆ. 1970ರ ದಶಕದಲ್ಲಿ ಸೋವಿಯತ್ ವಿಜ್ಞಾನಿ ಯಾಕೊವ್ ಕೋಟ್ಸ್, ಹತ್ತು ಸೆಕೆಂಡ್ ಕರೆಂಟು, ಐವತ್ತು ಸೆಕೆಂಡ್ ವಿಶ್ರಾಂತಿ, ಒಟ್ಟು ಹತ್ತು ನಿಮಿಷ ಎಂಬ ಲೆಕ್ಕದಲ್ಲಿ ಕೊಟ್ಟು ಸ್ನಾಯುಬಲ ಶೇ. 40ರವರೆಗೂ ಏರಿತು ಅಂದ. ಆ ಪ್ರಮಾಣದ ಏರಿಕೆ ಬೇರೆಯವರಿಗೆ ಸುಲಭವಾಗಿ ಸಿಗಲಿಲ್ಲ. ಅಲ್ಲದೆ ಅವನು ಕೊಡುತ್ತಿದ್ದದ್ದು ಹಲ್ಲುಕಚ್ಚಿ ತಡೆದುಕೊಳ್ಳುವಷ್ಟು ಜೋರು ಕರೆಂಟು. ಸೀರಿಯಲ್ ನೋಡುತ್ತಾ ಕೂರುವ ಮಟ್ಟದ್ದಲ್ಲ.

ಇನ್ನು ಮನೆಬಳಕೆಯ ಬೆಲ್ಟುಗಳ ಕತೆ. 2002ರಲ್ಲಿ ಅಮೆರಿಕದಲ್ಲಿ ವ್ಯಾಪಾರದ ಮೋಸ ತಡೆಯುವ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ ಇಂಥ ಮೂರು ಹೊಟ್ಟೆಬೆಲ್ಟುಗಳನ್ನು ಮಾರುತ್ತಿದ್ದವರ ಮೇಲೆ ಸುಳ್ಳು ಜಾಹೀರಾತಿನ ಕೇಸು ಹಾಕಿತು. ಅದೇ ದೇಶದಲ್ಲಿ ಔಷಧ, ವೈದ್ಯಕೀಯ ಸಾಧನಗಳ ಮೇಲೆ ನಿಗಾ ಇಡುವ ಎಫ್‌ಡಿಎ ಸ್ನಾಯುವನ್ನು ತಾತ್ಕಾಲಿಕವಾಗಿ ಬಲಪಡಿಸಲು, ಬಿಗಿಗೊಳಿಸಲು ಕೆಲವು ಇಎಂಎಸ್ ಸಾಧನಗಳನ್ನು ಒಪ್ಪಿದೆ. ತೂಕ ಇಳಿಸಲು, ಸುತ್ತಳತೆ ಕಡಿಮೆ ಮಾಡಲು ಅಂತ ಒಪ್ಪಿಲ್ಲ. ‘ತಾತ್ಕಾಲಿಕ’ ಅನ್ನುವ ಪದದ ಮೇಲೆ ಸ್ವಲ್ಪ ಹೊತ್ತು ಕಣ್ಣಿಡಿ.

ಅಮೆರಿಕದ ವಿಸ್ಕಾನ್ಸಿನ್‌ನ ಲಾ ಕ್ರಾಸ್ ವಿಶ್ವವಿದ್ಯಾಲಯದವರು ಎರಡು ಸಲ ಇದನ್ನು ಪರೀಕ್ಷಿಸಿದರು. ಮೊದಲನೆಯದರಲ್ಲಿ ವಾರಕ್ಕೆ ಮೂರು ಸಲದಂತೆ ಎಂಟು ವಾರ. ಬಲ, ತೂಕ, ಕೊಬ್ಬು ಯಾವುದರಲ್ಲೂ ಹೇಳಿಕೊಳ್ಳುವಂಥ ಬದಲಾವಣೆ ಇಲ್ಲ. 2005ರಲ್ಲಿ ಪ್ರಕಟವಾದ ಎರಡನೆಯದರಲ್ಲಿ ಬೇರೆ ಯಂತ್ರ, ಹೊಟ್ಟೆಗೆ ಮಾತ್ರ, ವಾರಕ್ಕೆ ಐದು ದಿನ, ಎಂಟು ವಾರ. ಈ ಸಲ ಹೊಟ್ಟೆಯ ಸ್ನಾಯುಬಲ ಶೇ. 58 ಏರಿತು, ತಾಳಿಕೆ ಇಮ್ಮಡಿಯಾಯಿತು. ಸೊಂಟದ ಸುತ್ತಳತೆ ಸುಮಾರು ಮೂರೂವರೆ ಸೆಂಟಿಮೀಟರ್ ಇಳಿಯಿತು. ತೂಕ ಮಾತ್ರ ಇದ್ದಷ್ಟೇ ಇತ್ತು. ಚರ್ಮದ ಮಡಿಕೆ ಹಿಡಿದು ಅಳೆದ ಕೊಬ್ಬೂ ಇದ್ದಷ್ಟೇ.

ಕೊಬ್ಬು ಹಾಗೇ ಇದ್ದು ಸೊಂಟ ಹೇಗೆ ಇಳಿಯಿತು? ನನಗೆ ಈ ಇಡೀ ವಿಷಯದಲ್ಲಿ ಅತ್ಯಂತ ಸ್ವಾರಸ್ಯ ಅನ್ನಿಸಿದ್ದು ಇದೇ. ಹೊಟ್ಟೆಯ ಸ್ನಾಯುಗಳು ಒಳಗಿನ ಅಂಗಗಳನ್ನು ಹಿಡಿದಿಡುವ ನಡುಪಟ್ಟಿ ಇದ್ದಂತೆ. ಪಟ್ಟಿ ಸಡಿಲ ಇದ್ದರೆ ಒಳಗಿನದೆಲ್ಲ ಮುಂದಕ್ಕೆ ಜಗ್ಗುತ್ತದೆ. ಬಿಗಿಯಾದರೆ ಹೊಟ್ಟೆ ಒಳಗೆ ಸರಿಯುತ್ತದೆ, ಟೇಪಿನಲ್ಲಿ ಅಳತೆ ಕಡಿಮೆ ತೋರಿಸುತ್ತದೆ. ಕನ್ನಡಿ ಮುಂದೆ ನಿಂತು ಹೊಟ್ಟೆ ಒಳಗೆಳೆದುಕೊಳ್ಳುತ್ತೇವಲ್ಲ, ಅದರ ಚೂರು ಭಾಗ ಕೆಲಕಾಲ ತಾನಾಗೇ ಉಳಿದ ಹಾಗೆ. ಹೀಗಾಗಿ ‘ಸೊಂಟ ಇಳಿಯಿತು’ ಅನ್ನುವವರು ಸುಳ್ಳು ಹೇಳುತ್ತಿಲ್ಲದೆ ಇರಬಹುದು. ‘ಕೊಬ್ಬು ಕರಗಿತು’ ಅಂದರೆ ಮಾತ್ರ ನಂಬಬೇಡಿ. ಒಂದು ಕಿಲೋ ಕೊಬ್ಬಿನಲ್ಲಿ ಸುಮಾರು 7,700 ಕಿಲೋಕ್ಯಾಲೊರಿ ಕೂತಿರುತ್ತದೆ. ಅಂಗೈಯಗಲದ ಸ್ನಾಯು ಕೂತಲ್ಲೇ ಬಿಗಿಯಾಗಿ ಸಡಿಲಾದರೆ ಖರ್ಚಾಗುವುದು ಯಾವ ಮೂಲೆಗೆ?

ಕೊಬ್ಬಿನದು ಇನ್ನೊಂದು ತಕರಾರಿದೆ. ಅದು ಕರೆಂಟಿಗೆ ಅಡ್ಡ. ಪದರ ದಪ್ಪ ಇದ್ದಷ್ಟೂ ಸ್ನಾಯು ತನಕ ಮಿಡಿತ ಮುಟ್ಟಲು ಯಂತ್ರದ ಕರೆಂಟಿನ ಹಂತ ಏರಿಸಬೇಕು, ಏರಿಸಿದಷ್ಟೂ ಚರ್ಮ ಚುರುಗುಟ್ಟುತ್ತದೆ. ಯಾರ ಹೊಟ್ಟೆ ಇಳಿಸುತ್ತೇವೆ ಅಂತ ಮಾರುತ್ತಾರೋ ಅವರಿಗೇ ಇದು ಸರಿಯಾಗಿ ನಾಟುವುದಿಲ್ಲ.

ನಾನೂ ಆರು ವಾರ ಹಚ್ಚಿಕೊಂಡು ನೋಡಿದ್ದೇನೆ. ಒಂದನೇ ಹಂತದಲ್ಲಿ ಇರುವೆ ಹರಿದಾಡಿದ ಹಾಗೆ. ನಾಲ್ಕಕ್ಕೆ ಬಂದಾಗ ಹೊಟ್ಟೆ ತನ್ನಷ್ಟಕ್ಕೆ ಗಟ್ಟಿಯಾಯಿತು, ಯಾರೋ ಒಳಗಿನಿಂದ ಲಾಡಿ ಎಳೆದ ಹಾಗೆ. ಮಾತು ಅರ್ಧಕ್ಕೇ ನಿಲ್ಲುತ್ತಿತ್ತು, ಮನೆಯವರಿಗೆ ಒಳ್ಳೆ ತಮಾಷೆ. ಮೂರನೇ ವಾರ ಒಂದು ದಿನ ಪ್ಯಾಡಿನ ಮೂಲೆಯ ಜೆಲ್ ಒಣಗಿ ಎದ್ದಿದ್ದನ್ನು ಗಮನಿಸಲಿಲ್ಲ. ಮಾಮೂಲಿ ಹಂತಕ್ಕೆ ಹಾಕಿದ್ದೇ ತಡ, ಸೂಜಿ ಚುಚ್ಚಿದ ಹಾಗೆ ಸುರ್ ಅಂತು. ನಾಣ್ಯದಗಲ ಕೆಂಪು ಗುರುತು ಎರಡು ದಿನ ಇತ್ತು. ಕಾರಣ ಸರಳ: ಅಂಟಿರುವ ಜಾಗ ಕಿರಿದಾದರೆ ಅದೇ ಕರೆಂಟು ಅಷ್ಟು ಸಣ್ಣ ಜಾಗದಲ್ಲೇ ನುಗ್ಗುತ್ತದೆ. ಜೆಲ್ ಒಣಗಿದ ಪ್ಯಾಡ್ ಎಸೆಯುವಾಗ ಜಿಪುಣತನ ಬೇಡ.

ಫಲಿತಾಂಶ? ಪ್ಲ್ಯಾಂಕ್ (ಮೊಣಕೈ, ಕಾಲ್ಬೆರಳ ಮೇಲೆ ಮೈ ನೇರ ಹಿಡಿಯುವ ವ್ಯಾಯಾಮ) ಹಿಡಿಯುವ ಹೊತ್ತು ನಲವತ್ತು ಸೆಕೆಂಡಿನಿಂದ ಒಂದು ನಿಮಿಷಕ್ಕೆ ಬಂತು. ಖುಷಿಪಟ್ಟೆ. ಆಮೇಲೆ ಹೊಳೆಯಿತು, ಅಳೆಯಲೆಂದು ವಾರಕ್ಕೆ ಎರಡು ಸಲ ಪ್ಲ್ಯಾಂಕ್ ಮಾಡಿದ್ದೂ ವ್ಯಾಯಾಮವೇ ಅಲ್ವಾ! ಸೊಂಟ ಒಂದು ಸೆಂಟಿಮೀಟರ್ ಇಳಿದಿತ್ತು. ಟೇಪನ್ನು ಸ್ವಲ್ಪ ಎಳೆದು ಹಿಡಿದರೂ ಅಷ್ಟು ಕಡಿಮೆ ಬರುತ್ತದೆ.

ಆದರೂ ನೋಡೇಬಿಡೋಣ ಅನ್ನುವವರು ಮೊದಲು ಡಬ್ಬಿಯ ಮೇಲೆ ಓದಿ. ಟೆನ್ಸ್ (TENS) ಅಂತ ಇದ್ದರೆ ಅದು ನೋವು ಮರೆಸಲು ಮಾಡಿದ್ದು, ಸ್ನಾಯು ಬೆಳೆಸಲು ಅಲ್ಲ. ನೋಡಲು ಎರಡೂ ಒಂದೇ ಥರ. ಪ್ಯಾಡ್ ಅಂಟಿಸುವ ಮುಂಚೆ ಎಣ್ಣೆ, ಲೋಷನ್ ಇಲ್ಲದ ಹಾಗೆ ಚರ್ಮ ತೊಳೆದು ಒರೆಸಿಕೊಳ್ಳಿ. ಆಗಷ್ಟೇ ಶೇವ್ ಮಾಡಿದ ಜಾಗ ಬೇಡ, ಉರಿ ಕಿತ್ತುಕೊಂಡು ಬರುತ್ತದೆ. ಯಂತ್ರ ಆನ್ ಇರುವಾಗ ಪ್ಯಾಡ್ ಕೀಳಬೇಡಿ. ಮೊದಲ ವಾರ ಹತ್ತು ನಿಮಿಷ ಸಾಕು, ನಡುವೆ ಒಂದು ದಿನ ಬಿಡುವು ಕೊಡಿ.

ಈಗ ಅಪಾಯ. ಎದೆಯೊಳಗೆ ಪೇಸ್‌ಮೇಕರ್ ಅಥವಾ ಡಿಫಿಬ್ರಿಲೇಟರ್ (ಹೃದಯದ ಬಡಿತ ಸರಿಪಡಿಸುವ ಸಾಧನಗಳು) ಇರುವವರು ಇದರ ಹತ್ತಿರ ಹೋಗಲೇಬಾರದು, ಯಂತ್ರದ ಮಿಡಿತ ಅದರ ಲೆಕ್ಕ ತಪ್ಪಿಸಬಹುದು. ಬಸುರಿಯರಿಗೆ ಬೇಡ. ಮೂರ್ಛೆರೋಗ, ಕ್ಯಾನ್ಸರ್, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ತೊಂದರೆ ಇರುವವರು ಡಾಕ್ಟರನ್ನು ಕೇಳದೆ ಮುಟ್ಟಬೇಡಿ. ಸಕ್ಕರೆ ಕಾಯಿಲೆಯಿಂದ ಚರ್ಮದ ಸ್ಪರ್ಶ ಮಂದವಾದವರಿಗೆ ಸುಟ್ಟರೂ ಗೊತ್ತಾಗುವುದಿಲ್ಲ, ಅವರಿಗೂ ಬೇಡ. ಬೇರೆ ಎಲ್ಲರಿಗೂ ಒಂದು ಮಾತು: ತಲೆ, ಕತ್ತಿನ ಮುಂಭಾಗ, ಎದೆಗೆ ಅಡ್ಡವಾಗಿ, ಗಾಯದ ಮೇಲೆ ಪ್ಯಾಡ್ ಹಾಕಬಾರದು. ಹೆರಿಗೆಯಾಗಿ ಹೊಟ್ಟೆಯ ಸ್ನಾಯು ನಡುವೆ ಬಿರುಕು ಬಿಟ್ಟವರು ಮೊದಲು ಫಿಸಿಯೋ ಹತ್ತಿರ ತೋರಿಸಿಕೊಳ್ಳಿ.

ಮೈತುಂಬಾ ಹಾಕಿಕೊಳ್ಳುವ ಇಎಂಎಸ್ ಸೂಟುಗಳ ವಿಷಯದಲ್ಲಿ ಇನ್ನೂ ಜಾಸ್ತಿ ಹುಷಾರು ಬೇಕು. ಮೊದಲ ದಿನವೇ ಉತ್ಸಾಹದಲ್ಲಿ ಜೋರು ಮಾಡಿಕೊಂಡವರಲ್ಲಿ ಸ್ನಾಯುವಿನ ಎಳೆಗಳು ಒಡೆದು, ಅದರ ತ್ಯಾಜ್ಯ ರಕ್ತಕ್ಕೆ ಸೇರಿ ಮೂತ್ರಪಿಂಡಕ್ಕೆ ಹೊರೆಯಾದ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ. ರ‍್ಯಾಬ್ಡೊಮಯೊಲಿಸಿಸ್ ಅಂತ ಅದರ ಹೆಸರು. ತಡೆಯಲಾಗದ ನೋವು, ಊತ, ಕಡು ಕಂದು ಬಣ್ಣದ ಮೂತ್ರ ಕಂಡರೆ ನಾಳೆ ನೋಡೋಣ ಅನ್ನಬೇಡಿ, ಅವತ್ತೇ ಆಸ್ಪತ್ರೆಗೆ ಹೋಗಿ.

ಕೊನೆಗೆ ನಿಮ್ಮ ಟೈಮಿನ ವಿಷಯ. ಹೊಟ್ಟೆ ಒರೆಸುವುದು, ಪ್ಯಾಡ್ ಸರಿಯಾದ ಜಾಗಕ್ಕೆ ಕೂರಿಸುವುದು, ವೈರ್ ಬಿಡಿಸುವುದು, ಆಮೇಲೆ ಪ್ಲಾಸ್ಟಿಕ್ ಹಾಳೆಗೆ ವಾಪಸ್ ಅಂಟಿಸಿಡುವುದು ಎಲ್ಲ ಸೇರಿ ಇಪ್ಪತ್ತು ನಿಮಿಷದ ಕೆಲಸಕ್ಕೆ ನನಗೆ ಮೂವತ್ತೈದು ನಿಮಿಷ ಹಿಡಿಯುತ್ತಿತ್ತು. ಅಷ್ಟರಲ್ಲಿ ಬಿರುಸಾಗಿ ಒಂದು ಸುತ್ತು ನಡೆದು ಬಂದು ಹತ್ತು ಬಸ್ಕಿಯನ್ನೂ ಹೊಡೆಯಬಹುದು. ಯಂತ್ರ ಈಗಾಗಲೇ ಮನೆಯಲ್ಲಿದ್ದರೆ ಎಸೆಯಬೇಕಿಲ್ಲ. ಬಿಗಿತ ಬಂದಾಗ ನೀವೂ ಬೇಕಂತಲೇ ಹೊಟ್ಟೆ ಬಿಗಿಮಾಡಿ, ಸಡಿಲಾದಾಗ ಉಸಿರು ಬಿಡಿ. ಆಗ ಮಿದುಳಿಗೂ ಸ್ವಲ್ಪ ಕೆಲಸ ಸಿಗುತ್ತದೆ. ನನ್ನ ಯಂತ್ರ ಕಪಾಟಿನಲ್ಲೇ ಇದೆ. ಪ್ಯಾಡಿನ ಅಂಟು ಹೋಗಿದೆ, ಹೊಸದು ತರಿಸಿಲ್ಲ.